ವೈರುಗಳ ಜಡೆ

ನನಗೆ ಡಿಗ್ರಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಬಸಪ್ಪ. ಹೇಳಿದ್ದು ಗುಟ್ಟಾಗಿಯೂ ಅಲ್ಲ. ಬನವಾಸಿ ಹತ್ತಿರದ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ, ನಾನು ಕಾಲೇಜಿನ ಅರ್ಜಿ ಹಿಡಿದು ಶಿರಸಿ ಬಸ್ಸಿಗೆ ಕಾಯುತ್ತಿದ್ದಾಗ, ನಿಂತವರಿಗೆಲ್ಲ ಕೇಳುವ ಹಾಗೆ, "ನಮ್ಮ ಮನಿತನದಾಗ ಡಿಗ್ರಿ ಆಗೋದಂದ್ರ ವರದಾ ಹೊಳಿ ಹಿಂದಕ್ಕ ಹರದಂಗ ಬಿಡವ್ವ ಸುಮಾ. ಸುಮ್ಮ ಬಸ್ಸಿನ ಸೀಟು ಸವಸಬ್ಯಾಡ" ಎಂದಿದ್ದರು. ಮಾವನದ್ದು ಕೆಟ್ಟ ಮನಸ್ಸಲ್ಲ. ನಮ್ಮ ಮನೆತನದಲ್ಲಿ ಅದುವರೆಗೆ ಏಳನೆಯ ಇಯತ್ತೆ ದಾಟಿದವರು ಯಾರೂ ಇರಲಿಲ್ಲ. ಮಾವ ನಾಲ್ಕಕ್ಕೆ ನಿಂತವರು, ಅವ್ವ ಸಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಕಂಡದ್ದನ್ನು ನೋಡಿ ಮಾವ ಒಂದು ಅಂದಾಜು ಹೇಳಿದ್ದರು, ಅಷ್ಟೆ. ಆ ಅಂದಾಜನ್ನು ಸುಳ್ಳು ಮಾಡಲು ನನಗೆ ಮೂರು ವರ್ಷದ ಜಾಗದಲ್ಲಿ ಏಳು ವರ್ಷ ಬೇಕಾಯಿತು. ನಡುವೆ ಮದುವೆಯಾಯಿತು. 'ವಿದ್ಯುತ್ತು ಮತ್ತು ಕಾಂತತ್ವ' ಎಂಬ ಪೇಪರಿನಲ್ಲಿ ಎರಡು ಸಲ ನಪಾಸಾದೆ. ಮೂರನೆಯ ಸಲ ಪಾಸಾದಾಗಲೂ ವರದೆ ಎಂದಿನಂತೆ ಮುಂದಕ್ಕೇ ಹರಿಯುತ್ತಿದ್ದಳು. ಘಟಿಕೋತ್ಸವಕ್ಕೆ ಹೋಗಲಾಗಲಿಲ್ಲ, ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಪೋಸ್ಟ್‌ಮನ್ ಅದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದ.

ಈಗ ನಾನು ಶಿರಸಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿ. ಇಸಳೂರಿನಲ್ಲಿ ನಮ್ಮದೇ ಸಣ್ಣ ಮನೆ. ನಾನು, ಗಂಡ ಪ್ರಕಾಶ, ಅವ್ವ. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ನು ಮುಂದಿನ ಕೋಣೆಯ ಗೋಡೆಯ ನಟ್ಟನಡುವೆ, ಆಳೆತ್ತರದಲ್ಲಿ, ಟಿವಿಗೆಂದು ಒಂದು ಪ್ಲಗ್ ಪಾಯಿಂಟ್ ಬಿಟ್ಟಿದ್ದ. ಗೃಹಪ್ರವೇಶದ ದಿನ ಟಿವಿ ಬಂದಿರಲಿಲ್ಲ. ಗೋಡೆ ಬೋಳಾಗಿ ಕಾಣುತ್ತದೆ ಎಂದು ನೆಪ ಹೇಳಿ, ಆ ಪ್ಲಗ್ಗನ್ನು ಮುಚ್ಚುವ ಹಾಗೆ ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದೆ. ಬಂದ ನೆಂಟರು ಟೈಲ್ಸ್ ನೋಡಿದರು, ಬಚ್ಚಲಮನೆಯ ನಲ್ಲಿ ತಿರುವಿ ನೋಡಿದರು. ಮಾವ ಒಬ್ಬರೇ ಸರ್ಟಿಫಿಕೇಟಿನ ಮುಂದೆ ಬೆನ್ನ ಹಿಂದೆ ಕೈಕಟ್ಟಿ ಬಹಳ ಹೊತ್ತು ನಿಂತು, "ಗಾಜು ಚಲೋ ಐತಿ" ಎಂದು ಹೇಳಿ ಊಟಕ್ಕೆ ಹೋದರು.

ವಾರ ಬಿಟ್ಟು ಮತ್ತೆ ಬಂದರು. ಕೈಯಲ್ಲಿ ದೇವರ ಫೋಟೋದ ಮುಂದೆ ಹಚ್ಚುತ್ತಾರಲ್ಲ, ಅಂಥ ಪುಟ್ಟ ಕೆಂಪು ಕರೆಂಟಿನ ದೀಪ, ಅದಕ್ಕೊಂದು ಅಡಾಪ್ಟರು. ತಾವೇ ಸ್ಟೂಲು ಹತ್ತಿ, ಕಟ್ಟಿನ ಹಿಂದಿನ ಪ್ಲಗ್ಗಿಗೆ ಅಡಾಪ್ಟರು ಸಿಕ್ಕಿಸಿ, ದೀಪವನ್ನು ಕಟ್ಟಿನ ಕೆಳಗಿನ ಅಂಚಿಗೆ ಕೂರಿಸಿದರು. "ದೇವರ ಮನ್ಯಾಗ ಒಂದ ಐತಲ್ಲ ಮಾವ" ಎಂದೆ. "ಇದು ದೇವರಿಗಲ್ಲ" ಎಂದರು. ಬಸ್ ಸ್ಟ್ಯಾಂಡಿನ ಮಾತನ್ನು ಮಾವ ಹಿಂದಕ್ಕೆ ತೆಗೆದುಕೊಂಡದ್ದು ಹಾಗೆ. ಅಂದಿನಿಂದ ಆ ದೀಪ ಆರಿದ್ದಿಲ್ಲ. ಅದರಲ್ಲಿ ನನ್ನದೂ ಒಂದು ಕೈಚಳಕವುಂಟು, ಮುಚ್ಚಿಡುವುದೇಕೆ. ಮಾವ ಬಸ್ ಹತ್ತಿದ ಮೇಲೆ ದೀಪವನ್ನು ಎರಡು ಬೆರಳಷ್ಟು ಬಲಕ್ಕೆ ಸರಿಸಿದೆ. ಈಗ ಅದು ಸರಿಯಾಗಿ ಕೊನೆಯ ಸಾಲಿನ 'ಪಾಸ್ ಕ್ಲಾಸ್' ಎಂಬ ಎರಡು ಶಬ್ದಗಳ ಮುಂದೆ ಕೂತಿತು.

ಟಿವಿಯ ಜಾಗ ಹೀಗೆ ಹೋದಮೇಲೆ, ಅದರ ಕೆಳಗಿನ ಕಟ್ಟೆಯ ಮೇಲೆ ಏನಿಡುವುದು ಎಂಬ ಪ್ರಶ್ನೆಗೆ ಅವ್ವನ ಟ್ರಂಕು ಉತ್ತರ ಕೊಟ್ಟಿತು. ಅದರ ತಳದಲ್ಲಿ ಒಂದು ಕ್ಯಾಸೆಟ್ಟಿತ್ತು. ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಏಕತಾರಿ ಹಿಡಿದು ಭಜನೆಯ ಪದ ಹೇಳುತ್ತಿದ್ದ. ಮಾವ ಹುಡುಗನಾಗಿದ್ದಾಗ ಯಾರದೋ ಟೇಪ್‌ರೆಕಾರ್ಡರ್ ಎರವಲು ತಂದು ಅದರಲ್ಲಿ ಒಂದು ಪದ ಹಿಡಿದಿದ್ದರು. ಪದ ಮುಗಿದ ಮೇಲೆ ಅಜ್ಜ ಮೆಲ್ಲಗೆ ಏನೋ ಒಂದು ಮಾತು ಆಡುತ್ತಾನೆ. ಆ ಮಾತು ಏನು ಎಂಬುದೇ ಅಣ್ಣತಂಗಿಯ ನಡುವೆ ನನಗೆ ತಿಳುವಳಿಕೆ ಬಂದಾಗಿನಿಂದ ನಡೆದಿರುವ ತಕರಾರು. "ನಮ್ಮ ಬಸ್ಯಾ ಶಾಣ್ಯಾ ಅಂದಾನ ಅಪ್ಪ. ನಾ ಅಲ್ಲೇ ಕುಂತಿದ್ದೆ" ಎಂದು ಮಾವ. "ಇಲ್ಲೇಳು, ಗಂಗಿ ಅಂತ ನನ್ನ ಹೆಸರು ಹಿಡದಾನ. ಮುಂದ ಏನಂದನೋ ಕೇಳಲಿಲ್ಲ" ಎಂದು ಅವ್ವ. ಟೇಪ್‌ರೆಕಾರ್ಡರ್ ಅದರ ಒಡೆಯನಿಗೆ ಹಿಂದೆ ಹೋಯಿತು, ಅಜ್ಜ ಹೋದ, ಕ್ಯಾಸೆಟ್ಟು ಸೀರೆಗಳ ಕೆಳಗೆ ಮಲಗಿತು. ಹೊಸ ಮನೆಗೆ ಬಂದ ತಿಂಗಳಿಗೆ ಅವ್ವ ಅದನ್ನು ತೆಗೆದು ನನ್ನ ಕೈಗಿಟ್ಟಳು. "ಓದಿದಾಕಿ ನೀ. ನಮ್ಮಪ್ಪ ಏನಂದ ಅನ್ನೋದು ಒಮ್ಮೆ ಕೇಳಸಿಬಿಡು, ಸಾಕು." ನನ್ನಿಂದ ಏನನ್ನೂ ಕೇಳಿದವಳಲ್ಲ ಅವ್ವ. ಫೀಸಿಗೆಂದು ಬೆಂಡೋಲೆ ಬಿಚ್ಚಿ ಕೊಟ್ಟವಳು ಅದನ್ನೂ ಮರಳಿ ಕೇಳಲಿಲ್ಲ.

ಯಲ್ಲಾಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ದಂಧೆ ಬಿಟ್ಟಿದ್ದರು. ಅವರಲ್ಲಿದ್ದ ಕ್ಯಾಸೆಟ್ ಡೆಕ್ಕು, ಆಂಪ್ಲಿಫೈಯರು, ಎರಡು ಸ್ಪೀಕರುಗಳನ್ನು ಪ್ರಕಾಶ ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದ. ಜೋಡಿಸುವ ಕೆಲಸ ಪದವೀಧರೆಯದು. ಕರೆಂಟಿನ ದಪ್ಪ ವೈರು, ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹಾಡು ಹೊತ್ತು ಹೋಗುವ ತೆಳು ವೈರು, ಸ್ಪೀಕರಿನ ವೈರು, ಎಲ್ಲ ಸೇರಿ ಕಟ್ಟೆಯ ಹಿಂದೆ ಹಾವಿನ ಹುತ್ತ ಒಡೆದಂತೆ ಕಾಣುತ್ತಿತ್ತು. ನನಗೆ ಅಸ್ತವ್ಯಸ್ತ ಕಂಡರೆ ಆಗದು. ಕೂತು ಮೂರನ್ನೂ ಸೇರಿಸಿ, ಅವ್ವ ನನಗೆ ಹೆಣೆಯುತ್ತಿದ್ದ ಹಾಗೆಯೇ, ಬಿಗಿಯಾದ ಮೂರೆಳೆ ಜಡೆ ಹೆಣೆದೆ. ತುದಿಗೆ ರಿಬ್ಬನ್ನಿನ ಬದಲು ಕಪ್ಪು ಟೇಪು. ಅವ್ವ ನೋಡಿ, "ಒಂದು ಹೂವು ಮುಡಿಸಿಬಿಡು" ಎಂದಳು. ನನಗೆ ಅದೂ ಹೆಮ್ಮೆಯೇ ಆಯಿತು.

ಸ್ವಿಚ್ ಒತ್ತಿದೆ. ಕ್ಯಾಸೆಟ್ ಹಾಕುವ ಮೊದಲೇ ಸ್ಪೀಕರು ಬಾಯಿ ತೆರೆಯಿತು. ಗುಂ ಎಂದು ಒಂದೇ ಸಮನೆ, ಬಿಂದಿಗೆಯಲ್ಲಿ ಕಣಜದ ಹುಳ ಸಿಕ್ಕಿಬಿದ್ದ ಹಾಗೆ. "ಯಲ್ಲಾಪುರದ ಹೆಜ್ಜೇನು ಪೆಟ್ಟಿಗೆ ಒಳಗೇ ಕೂತು ಬಂದಿದೆ ಕಾಣ್ತದೆ, ನಾನು ಟಿಕೆಟ್ ತೆಗೆಸ್ಲಿಲ್ಲ" ಎಂದ ಪ್ರಕಾಶ. ಪಕ್ಕದ ಮನೆಯ ಹೆಗಡೆಯವರು, ಹೆಗಡೆಕಟ್ಟಾ ಕಡೆಯವರು, ತಾಳಮದ್ದಳೆಯ ಹುಚ್ಚು ಇರುವವರು, ಕಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಶ್ರುತಿ ಪೆಟ್ಟಿಗೆ ತಗಂಡ್ರಾ ಸುಮಾ? ಎಂತಾ ಚೊಲೋ ನಾದ ಮಾರಾಯ್ತಿ!"

"ಶ್ರುತಿ ಅಲ್ಲ ಹೆಗಡೇರೆ, ಕರೆಂಟು."

"ಕರೆಂಟಾ? ಏನೇ ಇರ್ಲಿ, ಒಂಚೂರೂ ಅಲ್ಲಾಡ್ತಿಲ್ಲ ನೋಡು. ನಮ್ಮ ಭಾಗವತರಿಗೂ ಇಷ್ಟು ನಿಲ್ಲೂದಿಲ್ಲ." ಅವರು ಅದಕ್ಕೆ ಸ್ವರ ಕೂಡಿಸಿ ಒಂದು ಪದ ಗುನುಗಿಯೂ ಬಿಟ್ಟರು. ಆಮೇಲೆ ನಾಲ್ಕು ದಿನ ಸಂಜೆ ಚಹಾದ ಹೊತ್ತಿಗೆ, "ಹಚ್ಚುದಿಲ್ವಾ ಇವತ್ತು?" ಎಂದು ಕೇಳಿದರು.

ನಾನು ಶಾಸ್ತ್ರೋಕ್ತವಾಗಿ ಹುಡುಕಲು ಹೊರಟೆ. ಪ್ರಕಾಶ ಅಡುಗೆಮನೆಯಲ್ಲಿ ನಿಂತು ಒಂದೊಂದನ್ನೇ ಬಂದ್ ಮಾಡುವುದು, ನಾನು ಇಲ್ಲಿ ಸ್ಪೀಕರಿಗೆ ಕಿವಿ ಕೊಡುವುದು. "ಫ್ರಿಜ್ ಬಂದ್. ಈಗ?" "ಇನ್ನೂ ಇದೆ." "ಫ್ಯಾನ್ ಬಂದ್. ಈಗ?" "ಇದೆ." ಬೆವರುತ್ತ ಕೂತಿದ್ದ ಅವ್ವ, "ಇದ್ದಬದ್ದದ್ದೆಲ್ಲ ಆರಸೋದಕ್ಕ ಏಳು ವರ್ಷ ಕಲತಿ?" ಎಂದಳು. ಉತ್ತರ ಸಿಕ್ಕಿದ್ದು ಕಾಲೇಜಿನಲ್ಲಿ. ಪ್ರತಿವರ್ಷ ನಾನೇ ಮೇಜಿನ ಮೇಲೆ ಜೋಡಿಸಿ ಕೊಡುವ ಪ್ರಯೋಗ ಅದು: ವೈರಿನಲ್ಲಿ ಕರೆಂಟು ಹರಿಸಿದರೆ ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ತಿರುಗುತ್ತದೆ, ವೈರು ಮುಟ್ಟಬೇಕೆಂದೇನಿಲ್ಲ, ಹತ್ತಿರವಿದ್ದರೆ ಸಾಕು. ಆ ದಿನವೂ ಮುಳ್ಳು ತಿರುಗಿತು. ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮುಟ್ಟದೆಯೇ ಮುಳ್ಳು ತಿರುಗಿಸುವ ಕರೆಂಟಿನ ಜೊತೆ ಆ ತೆಳು ವೈರನ್ನು ನಾನು ಕೊರಳಿಗೆ ಕೊರಳು ಹೆಣೆದು ಕೂರಿಸಿದ್ದೆ! ಎರಡು ಸಲ ನಪಾಸು ಮಾಡಿದ ಮಾಸ್ತರರ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟನ್ನು ಆ ಕ್ಷಣವೇ ಬಿಟ್ಟೆ.

ಮನೆಗೆ ಬಂದು ಜಡೆ ಬಿಚ್ಚಿದೆ. ಕರೆಂಟಿನ ವೈರು ಗೋಡೆಯ ಎಡಮೂಲೆ ಹಿಡಿದು ಹೋಯಿತು, ಹಾಡಿನ ವೈರು ಬಲಕ್ಕೆ. ಎಲ್ಲಿ ದಾಟಲೇಬೇಕೋ ಅಲ್ಲಿ ಕೂಡಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ದಾಟಿಸಿದೆ. ಜೊತೆಜೊತೆಗೆ ಒಂದು ಗೇಣೂ ನಡೆಯಲು ಬಿಡಲಿಲ್ಲ. ಡೆಕ್ಕಿಗೂ ಆಂಪ್ಲಿಫೈಯರಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟೆ. ನೋಡಲು ತಲೆ ಬಾಚದ ಹೆಂಗಸಿನ ಹಾಗಿತ್ತು, ಆದರೆ ಗುಂ ಎಂಬುದು ಮುಕ್ಕಾಲು ಪಾಲು ಹೋಯಿತು. ಹೆಗಡೆಯವರಿಗೆ ಬೇಸರವಾಯಿತು. ಉಳಿದದ್ದು ಸೊಳ್ಳೆಯ ಹಾಗೆ ತೆಳ್ಳಗಿನ ಒಂದು ಜಿಂಯ್. ಅಜ್ಜ ಮೆಲ್ಲಗೆ ಆಡಿದ ಮಾತನ್ನು ಮುಚ್ಚಲು ಅಷ್ಟೇ ಸಾಕಿತ್ತು. ಭಾನುವಾರ ಮಾವನನ್ನು ಕರೆದಾಗಿತ್ತು. ಹಳೆಯ ಟೇಪು ಎಷ್ಟು ಸಲ ಓಡೀತೋ ಹೇಳಲಾಗದು. ಆದ್ದರಿಂದ ಅಣ್ಣತಂಗಿ ಇಬ್ಬರೂ ಇರುವಾಗಲೇ ಹಾಕುವುದು, ಆಗಲೇ ಮೊಬೈಲಿಗೂ ಹಿಡಿದುಕೊಳ್ಳುವುದು ಎಂದು ಮೂವರೂ ಒಪ್ಪಿದ್ದೆವು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಕರೆಂಟು ಕುಡಿಯುವ ವಸ್ತುಗಳನ್ನೆಲ್ಲ ಹಾಳೆಯಲ್ಲಿ ಬರೆದು ಒಂದೊಂದನ್ನೇ ಬಂದ್ ಮಾಡಿ ಗೆರೆ ಹೊಡೆದೆ. ದೇವರ ಮನೆಯ ದೀಪಕ್ಕೂ ಹೊಡೆದೆ. ಜಿಂಯ್ ಎನ್ನುತ್ತಲೇ ಇತ್ತು. ಕೈಚೆಲ್ಲಿ ಮೇಲೆ ನೋಡಿದರೆ, ಪಟ್ಟಿಯಲ್ಲಿ ಬರೆಯಲು ಕೂಡ ಹೊಳೆಯದಿದ್ದ ಒಂದು ದೀಪ ಕೆಂಪಗೆ ಉರಿಯುತ್ತಿತ್ತು. ಸ್ಟೂಲು ಹತ್ತಿ ಸರ್ಟಿಫಿಕೇಟು ಇಳಿಸಿ ಅಡಾಪ್ಟರು ಕಿತ್ತೆ. ಎಂಥ ನಿಶ್ಶಬ್ದ! ಒಳಗೆ ಅವ್ವ ಮೊರದಲ್ಲಿ ಅಕ್ಕಿ ಆರಿಸುವ ಸದ್ದು ಕೇಳಿತು. ಡೆಕ್ಕು, ಆಂಪ್ಲಿಫೈಯರು, ಸ್ಪೀಕರು ಎಲ್ಲವನ್ನೂ ದೇವರ ಮನೆಯವರೆಗೆ ಹೊತ್ತು, ಮತ್ತೆ ಮಾವನ ದೀಪ ಹಚ್ಚಿ ನೋಡಿದೆ, ಅಲ್ಲಿಯೂ ಜಿಂಯ್. ಆ ಅಡಾಪ್ಟರು ಮನೆಯ ಲೈನಿಗೇ ತನ್ನ ರಾಗ ಬೆರೆಸುತ್ತಿತ್ತು. ಇನ್ನು ಉಪಾಯವಿದ್ದದ್ದು ಒಂದೇ, ದೀಪ ಆರಿಸುವುದು. ಮಾವ ಬಾಯಲ್ಲಿ ಹೇಳಲಾಗದೆ ಬಸ್ಸಿನಲ್ಲಿ ಹೊತ್ತು ತಂದ ಮಾತನ್ನು, ಅವರು ಬರುವ ದಿನವೇ ಪ್ಲಗ್ ಕಿತ್ತು ಆರಿಸುವುದು. ನನ್ನಿಂದಾಗಲಿಲ್ಲ. ಎಲ್ಲವನ್ನೂ ಇದ್ದಲ್ಲೇ ಇಟ್ಟು, ನಾಳೆ ಮಾವ ಬರುವ ಮೊದಲು ಆರಿಸಿ "ಬಲ್ಬ್ ಹೋಗೈತಿ" ಎಂದು ಒಂದು ಸುಳ್ಳು ಹೇಳಿದರಾಯಿತು ಎಂದುಕೊಂಡೆ.

ಮಾವ ಹೇಳಿದ್ದಕ್ಕಿಂತ ಒಂದು ಬಸ್ ಮೊದಲೇ ಬಂದರು. ಚಪ್ಪಲಿ ಬಿಡುತ್ತ ಮೊದಲು ನೋಡಿದ್ದು ದೀಪವನ್ನು. ಆಮೇಲೆ ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಕೆಂಪು ಬಲ್ಬೊಂದನ್ನು ತೆಗೆದು, "ಹಳೇದು ಹೋದರ ಇರಲಿ ಅಂತ ತಂದೆ" ಎಂದರು. ನನ್ನ ಸುಳ್ಳು ಅಲ್ಲಿಗೇ ಫ್ಯೂಸಾಯಿತು.

ಕ್ಯಾಸೆಟ್ಟು ಹಾಕಿದೆ. ಏಕತಾರಿ ಮಿಡಿಯಿತು, ಅಜ್ಜ ಹಾಡಿದ. ಮಾವ ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ಅವ್ವ ಕಣ್ಣು ಮುಚ್ಚಿದ್ದಳು. ಪದ ಮುಗಿಯಿತು. ಇಬ್ಬರೂ ಮುಂದಕ್ಕೆ ಬಾಗಿದರು. ಜಿಂಯ್ ಎಂಬುದರ ಕೆಳಗೆ ಅಜ್ಜ ಏನೋ ಅಂದ, ಹೋಯಿತು.

"ಬಸ್ಯಾ ಅಂದ! ಕೇಳಿದ್ರಿಲ್ಲ?" ಮಾವ ಎದ್ದೇ ನಿಂತರು.

"ಗಂಗಿ ಅಂತಲೂ ಅಂದ. ಅಣ್ಣಾ, ಸುಮ್ಮ ಕುಂದ್ರು ನೀ." ಅವ್ವ ನನ್ನ ಕಡೆ ತಿರುಗಿದಳು. "ಇಷ್ಟ ಕೇಳತೈತೇನ ಸುಮಾ? ನಿನ್ನ ಕೈಲೂ ಆಗೂದಿಲ್ಲೇನ ಇದು?"

ಬಸ್ ಸ್ಟ್ಯಾಂಡಿನ ಮಾತನ್ನು ನಾನು ಏಳು ವರ್ಷ ತಡೆದುಕೊಂಡಿದ್ದೆ. ಅವ್ವನ ಈ ಮಾತನ್ನು ಅರೆಗಳಿಗೆಯೂ ತಡೆಯಲಾಗಲಿಲ್ಲ.

"ಮಾವ, ಸಿಟ್ಟಾಗಬ್ಯಾಡ್ರಿ. ಆ ಸದ್ದು ದೀಪದ್ದು."

"ಯಾವ ದೀಪದ್ದು?"

ನಾನು ಮೇಲೆ ನೋಡಿದೆ. ಮಾವನೂ ನೋಡಿದರು. ಯಾರೂ ಕೇಳದಿದ್ದರೂ ಪ್ರಕಾಶ ಚಹಾ ಮಾಡಲು ಎದ್ದುಹೋದ.

"ಯಾವಾಗ ಗೊತ್ತಾತು?"

"ನಿನ್ನೆ."

"ಮತ್ತ ಇವತ್ತ್ಯಾಕ ಹಚ್ಚಿದಿ?"

"ನೀವು ಹಚ್ಚಿದ ದೀಪ ಅಲ್ಲೇನ್ರಿ ಮಾವ" ಎಂದೆ.

"ಹುಚ್ಚಿ" ಎಂದು ಮಾವ ಸ್ಟೂಲು ಎಳೆದುಕೊಂಡು ಹತ್ತಿದರು. ಸರ್ಟಿಫಿಕೇಟನ್ನು ಇಳಿಸಿ ಬಗಲಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅಡಾಪ್ಟರು ಕಿತ್ತರು. ಅದನ್ನು ದೀಪದ ಸಮೇತ ಕಿಸೆಗೆ ಹಾಕಿಕೊಂಡು ಕೆಳಗಿಳಿದರು. "ಹೂಂ. ಈಗ ಹಾಕು."

ನಾಲ್ಕು ಸುತ್ತು ಹಿಂದಕ್ಕೆ ತಿರುಗಿಸಿ ಹಾಕಿದೆ. ಪದದ ಕೊನೆಯ ಸಾಲು, ಏಕತಾರಿಯ ಕೊನೆಯ ಮಿಡಿತ. ಆಮೇಲೆ ಅಜ್ಜ ನಮ್ಮ ಕೋಣೆಯಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಹೇಳಿದ: "ಏ ಬಸ್ಯಾ, ಆ ಗುಂಡಿ ತಿರುವಬ್ಯಾಡೋ, ಕೆಡಸ್ತಿ. ಗಂಗಿ ಕೈಯಾಗ ಕೊಡು, ಅಕೀಗೆ ತಿಳಿತೈತಿ."

ಟಕ್ ಎಂದು ಟೇಪು ನಿಂತಿತು. ಅವ್ವ ಮೊದಲು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡು, ಮೊಬೈಲಿನಲ್ಲಿ ಮತ್ತೊಮ್ಮೆ ಹಾಕಿಸಿದಳು, ಇನ್ನೊಮ್ಮೆ ಹಾಕಿಸಿದಳು. ಮೂರನೆಯ ಸಲ ಕೊನೆಯ ಎರಡು ಶಬ್ದಗಳನ್ನು ಅಜ್ಜನ ಜೊತೆಗೇ ಬಾಯಲ್ಲಿ ಆಡಿದಳು.

ಮಾವ ನಿಂತಲ್ಲೇ ನಿಂತಿದ್ದರು. ಬಗಲಲ್ಲಿದ್ದ ಕಟ್ಟು ಈಗ ಅವರ ಎರಡೂ ಕೈಯಲ್ಲಿತ್ತು. ಅದನ್ನೊಮ್ಮೆ ನೋಡಿ, ತಂಗಿಯನ್ನೊಮ್ಮೆ ನೋಡಿ, ನನ್ನ ಮುಂದೆ ಚಾಚಿದರು. "ತಗೋಳವ್ವ ನಿನ್ನ ಸರ್ಟಿಫಿಕೇಟು. ಬಸ್ಯಾನ ಕೈಯಾಗ ಏನೂ ಕೊಡಬ್ಯಾಡ್ರಿ ಅಂತ ನಮ್ಮಪ್ಪನ ಆರ್ಡರ್ ಆಗೇತಿ."

ಸೀರೆಗೆ ಕೈ ಒರೆಸಿಕೊಂಡು ನಾನು ಅದನ್ನು ತೆಗೆದುಕೊಂಡೆ. ಆದರೆ ಮಾವ ತಮ್ಮ ತುದಿಯನ್ನು ಬಿಡಲಿಲ್ಲ. ದೀಪವಿಲ್ಲದ ಕಟ್ಟಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ನಾಲ್ಕನೆಯ ಇಯತ್ತೆಯ ಓದಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿದರು. ನನ್ನ ಕಿವಿ ಬಿಸಿಯಾಯಿತು.

"ಪಾಸ್... ಕ್ಲಾಸ್." ಮಾವ ತಲೆಯೆತ್ತಿದರು. "ಇದರ ಮುಂದ ತಂದು ಇಟ್ಟಿದ್ದೇನ ನನ್ನ ದೀಪ? ಅಲ್ಲವ್ವ ಸುಮಾ, ಪಾಸ್ ಅಂತ ಇಷ್ಟು ಸ್ವಚ್ಛ ಬರದಾರ, ಇದನ್ಯಾಕ ಮುಚ್ಚಿದಿ?"