ರಾಹುಕಾಲದಲ್ಲಿ ಬಂದ ಸಮನ್ಸು

ನಮ್ಮ ಸೋದರಮಾವನಿಗೆ ಕೋರ್ಟೆಂದರೆ ಭಯವಿಲ್ಲ, ರಾಹುಕಾಲವೆಂದರೆ ಭಯ! ಜಯನಗರದ ಮನೆಗೆ ಸಮನ್ಸು ಹಿಡಿದು ಬಂದ ಕೋರ್ಟಿನ ಅಮೀನನಿಗೆ, "ರಾಹುಕಾಲ ಕಳೀಲಿ, ಆಮೇಲೆ ಬಾರಪ್ಪ. ಒಳ್ಳೇ ವಿಷಯಾನೇ ಇರ್ಬಹುದು," ಎಂದು ಬಾಗಿಲು ಹಾಕಿಕೊಂಡರು. ಅವನು ಮತ್ತೆ ಬರುತ್ತಾನೆಯೇ? ತೆಗೆದುಕೊಳ್ಳಲು ನಿರಾಕರಿಸಿದರು ಎಂದು ಬರೆದುಕೊಂಡು ಹೋದ. ಕಾನೂನಿನಲ್ಲಿ, ಬೇಡವೆಂದರೂ ತಲುಪಿದಂತೆಯೇ! ಮಾವನಿಲ್ಲದೆಯೇ ತೀರ್ಪಾಯಿತು: ಅತ್ತೆಯ ವೀಣೆಯನ್ನು ದಾವೆ ಹೂಡಿದವರಿಗೆ ಒಪ್ಪಿಸತಕ್ಕದ್ದು.

ದಾವೆ ಹೂಡಿದ್ದು ಅತ್ತೆಯ ಹಳೆಯ ಶಿಷ್ಯೆ. ವೀಣೆಯನ್ನು ತನಗೇ ಕೊಡುವುದಾಗಿ ಗುರುಗಳು ಮಾತು ಕೊಟ್ಟಿದ್ದರಂತೆ. ಅತ್ತೆಯನ್ನೇ ಕೇಳೋಣವೆಂದರೆ ಲಕ್ವ ಹೊಡೆದು ಅವರ ಮಾತು ಹೋಗಿದೆ. ಶಿಷ್ಯೆ ಕೇಸು ಹಾಕಿದ್ದೋ, ಬೇರೆ ಜಿಲ್ಲೆಯ ತನ್ನೂರಿನಲ್ಲಿ.

"ವೀಣೆ ಜಯನಗರದಲ್ಲಿದೆ, ನಾನೂ ಜಯನಗರದಲ್ಲಿದ್ದೀನಿ. ಮಾತು ಕೊಟ್ಟಿದ್ರೂ ಇದೇ ಮನೇಲಿ ಕೊಟ್ಟಿರ್ಬೇಕು. ಆ ಕೋರ್ಟಿಗೆ ನನ್ಮೇಲೆ ಏನ್ರೀ ಅಧಿಕಾರ?" ಎಂದು ಮಾವ ಮನೆಗೆ ಕರೆಸಿದ ವಕೀಲರ ಮುಂದೆ ಗುಡುಗಿದರು.

ವಕೀಲರಿಗೆ ಖುಷಿಯಾಯಿತು. "ಒಳ್ಳೇ ಪಾಯಿಂಟು ಸಾರ್. ಆದ್ರೆ ಮೊದ್ಲು ಅದೊಂದೇ ಹೇಳ್ಬೇಕು. ವೀಣೆ ಯಾರದು ಅಂತ ವಾದಕ್ಕಿಳಿದ್ರೆ ಆ ಕೋರ್ಟನ್ನ ಒಪ್ಕೊಂಡ ಹಾಗಾಗುತ್ತೆ."

ಅಷ್ಟು ಸಾಕಾಯಿತು! ತೀರ್ಪು ರದ್ದುಮಾಡಿಸಲು ಹೊರಟ ಮಾವನ ಜೊತೆ ನಾನೂ ಹೋದೆ. ಬೆಂಗಳೂರು ದಾಟಿದ ಮೇಲೆ ಅವರು ಏನನ್ನೂ ಒಪ್ಪಲಿಲ್ಲ. ಆ ಊರಿನ ಕಾಫಿ ಮುಟ್ಟದೆ, ಮನೆಯಿಂದ ತಂದ ಫ್ಲಾಸ್ಕನ್ನೇ ಬಗ್ಗಿಸಿಕೊಂಡರು. ಕೋರ್ಟಿನ ಬೆಂಚಿನ ಮೇಲೂ ಕೂರಲಿಲ್ಲ.

"ಕೂತ್ಕೊಳ್ಳಿ ಮಾವ, ಕಾಲು ನೋಯುತ್ತೆ," ಎಂದೆ.

"ನೋಯ್ಲಿ ಬಿಡೋ. ಕೂತ್ರೆ ಒಪ್ಕೊಂಡ ಹಾಗೆ!"

ಒಳಗೆ ನ್ಯಾಯಾಧೀಶರು, "ಪ್ರತಿವಾದಿ ನೀವೇನಾ?" ಎಂದು ಕೇಳಿದರು.

"ಬೆಂಗಳೂರಲ್ಲಾದ್ರೆ ಹೌದು ಸ್ವಾಮಿ!"

ನ್ಯಾಯಾಧೀಶರಿಗೂ ನಗು ತಡೆಯಲಾಗಲಿಲ್ಲ. ವಕೀಲರ ವಾದ ಕೇಳಿ ತೀರ್ಪನ್ನು ರದ್ದುಮಾಡಿದರು. ಬೇಕಿದ್ದರೆ ಬೆಂಗಳೂರಿನಲ್ಲೇ ದಾವೆ ಹೂಡಿ ಎಂದು ಶಿಷ್ಯೆಗೆ ಹೇಳಿದರು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ: "ಅವರು ಇಲ್ಲೂ ಕೇಸ್ ಹಾಕ್ತಾರೆ ಮಾವ. ನುಡಿಸೋರಿಲ್ಲದ ವೀಣೆ, ಕೊಟ್ಬಿಡಬಾರ್ದಾ?"

ಮಾವ ವೀಣೆಯನ್ನು ಅತ್ತೆಯ ಮಂಚದ ಪಕ್ಕಕ್ಕೆ ತಂದು, ಅವರಿಗೆ ಕಾಣದಂತೆ ಒಂದು ಬಿರಡೆ ಸಡಿಲಿಸಿ, ತಂತಿ ಮೀಟಿದರು. ಶ್ರುತಿ ತಪ್ಪಿದ ನಾದ. ಅತ್ತೆಯ ಹುಬ್ಬು ಗಂಟಿಕ್ಕಿತು. ಇನ್ನೂ ಸ್ವಾಧೀನವಿರುವ ಎಡಗೈ ಎತ್ತಿ, ಏರಿಸಿ ಏರಿಸಿ ಎಂದು ಸನ್ನೆಯಲ್ಲೇ ಗದರಿಸಿದರು. ಮಾವ ಬೇಕೆಂದೇ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡುತ್ತಾ ಹೋದರು.

"ದಿನಾ ಹಿಂಗೇ ಸಡಿಲ ಮಾಡ್ತೀನಿ ಕಣೋ," ಎಂದರು ಮೆಲ್ಲಗೆ. "ಇವಳು ನನ್ನ ಬಯ್ಯೋದು ಈಗ ಇದೊಂದಕ್ಕೇನೇ."