ಮೂವತ್ತೈದು ವರ್ಷ ಮಲಗಿದ್ದ ಬ್ರಾಂಡಿಯ ಖಾಲಿ ಲೋಟ

ಅಡುಗೆಮನೆಯ ಸಿಂಕಿನ ಬಲಪಕ್ಕದಲ್ಲಿ ಗುಡುಗುಡು ಎನ್ನುತ್ತ ವಿರಾಜಮಾನರಾಗಿರುವ, ಜಿಡ್ಡಿನ ಜನ್ಮವೈರಿಗಳಾದ ಪಾತ್ರೆ ತೊಳೆಯುವ ಯಂತ್ರ ಮಹಾಶಯರಿಗೆ, ಈ ಮನೆಯ ಯಜಮಾನನೆಂದು ಕಾಗದಪತ್ರಗಳಲ್ಲಿ ಮಾತ್ರ ನಮೂದಾಗಿರುವ ಕನ್ನಡಕದಂಗಡಿಯವನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಈ ಮನೆಗೆ ದಯಮಾಡಿಸಿದ ಮೂರು ವರ್ಷಗಳಲ್ಲಿ ನಾನು ತಮ್ಮ ಮೇಲೆ ಒಂದು ದೂರನ್ನೂ ಹೇಳಿದವನಲ್ಲ. ನನ್ನ ಚಹಾ ಕಪ್ಪಿನ ಹಿಡಿ ಹಾರಿದಾಗಲೂ, ಮರದ ಸೌಟು ಸೀಳಿದಾಗಲೂ, ದೊಡ್ಡವರ ಕೈಗುಣ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆದರೆ ನಿನ್ನೆ ಬೆಳಗ್ಗೆ ತಾವು ಫಳಫಳ ಹೊಳೆಸಿಟ್ಟ ಆ ಹೊಟ್ಟೆದಪ್ಪದ, ಬಾಯಿಕಿರಿದಾದ ಪುಟ್ಟ ಲೋಟದ ವಿಷಯದಲ್ಲೂ ಸುಮ್ಮನಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಮದ್ಯ ಆಮದು ಮಾಡುವ ಸಂಸ್ಥೆಯೊಂದರಲ್ಲಿ ಮೂವತ್ತೆಂಟು ವರ್ಷ ಫ್ರಾನ್ಸಿನ ಹಳೆಯ ಬ್ರಾಂಡಿಗಳನ್ನು ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಉಗಿದು ಸಂಸಾರ ಸಾಕಿದವರು. ಮಗಳು ಹುಟ್ಟಿದ ವರ್ಷ ಬಟ್ಟಿಯಿಳಿದು, ಓಕ್ ಮರದ ಪೀಪಾಯಿಯಲ್ಲಿ ಮೂವತ್ತೈದು ವರ್ಷ ಮಲಗಿ ಎದ್ದ ಆರ್ಮನ್ಯಾಕ್ ಎಂಬ ಬ್ರಾಂಡಿಯ ಒಂದು ಬಾಟಲಿಯನ್ನು ನಿವೃತ್ತಿಯ ದಿನ ತಂದವರು, ಆಮೇಲೆ ಪ್ರತಿವರ್ಷ ಅವಳ ಹುಟ್ಟುಹಬ್ಬಕ್ಕೆ ನಮಗೆಲ್ಲ ಒಂದೊಂದು ಗುಟುಕು ಬಡಿಸುತ್ತ ಬಂದರು. "ಅವಸರ ಬೇಡ ಅಳಿಯಂದ್ರೇ, ಅದು ಅಷ್ಟು ವರ್ಷ ಕಾದಿದೆ, ನೀವು ಐದು ನಿಮಿಷ ಕಾಯಿರಿ" ಎಂದು ಲೋಟವನ್ನು ನನ್ನ ಅಂಗೈಯಲ್ಲಿ ಬೆಚ್ಚಗಿಡಿಸಿ, ಇದು ಒಣ ಅಂಜೂರ, ಇದು ಹಳೇ ಚರ್ಮದ ಚೀಲ, ಇದು ಅಕ್ರೋಟು, ಇದು ಕಾಡಿನ ಒದ್ದೆ ಎಲೆ ಎಂದು ಒಂದೊಂದಾಗಿ ಪರಿಚಯ ಮಾಡಿಸುತ್ತಿದ್ದರು. ನನ್ನ ಮೂಗಿಗೆ ಸಿಗುತ್ತಿದ್ದದ್ದು ಬೀಗ ಹಾಕಿಟ್ಟ ಬೀರುವಿನ ವಾಸನೆಯೊಂದೇ. ಆದರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆ.

ಮೊನ್ನೆ ರಾತ್ರಿ, ಈ ವರ್ಷದ ಹುಟ್ಟುಹಬ್ಬಕ್ಕೆ, ಬಾಟಲಿಯಲ್ಲಿ ಉಳಿದದ್ದು ಕೊನೆಯ ಕೆಲವೇ ಗುಟುಕು. ಡಾಕ್ಟರು ಮಾವನಿಗೆ ಒಂದು ಹನಿಯೂ ಕೂಡದೆಂದಿದ್ದರಿಂದ ಅವರ ಪಾಲನ್ನೂ ನಾನೇ ಕುಡಿದೆ. ಎರಡು ಬೀದಿ ಆಚೆಗಿರುವ ತಮ್ಮ ಮನೆಗೆ ಹೊರಟ ಮಾವ ಬಾಗಿಲಲ್ಲಿ ನಿಂತು, "ಲೋಟ ತೊಳೀಬೇಡಿ, ಬೆಳಗ್ಗೆ ತಂದುಕೊಡಿ. ಹಳೇ ಬ್ರಾಂಡಿ ನಿಜ ಹೇಳೋದು ಲೋಟ ಒಣಗಿದ ಮೇಲೇ" ಎಂದರು. ಕುಡಿಯುವ ಹಾಗಿಲ್ಲ, ಮೂಸಬಹುದಲ್ಲ. ಅವರ ಪಾಲಿಗೆ ಉಳಿದದ್ದು ಅದೊಂದೇ. ನಾನು ಲೋಟದ ಮೇಲೆ ತಟ್ಟೆ ಮುಚ್ಚಿ, ತಮ್ಮ ನೆತ್ತಿಯ ಮೇಲೆಯೇ ಇಟ್ಟು ಮಲಗಿದೆ.

ಪೀಪಾಯಿಯಿಂದ ವರ್ಷವರ್ಷವೂ ಆವಿಯಾಗಿ ಹೋಗುವ ಬ್ರಾಂಡಿಯನ್ನು ಆ ಕಸುಬಿನವರು ದೇವದೂತರ ಪಾಲು ಎನ್ನುತ್ತಾರೆ. ದೇವದೂತರು ಮೂವತ್ತೈದು ವರ್ಷ ಹೀರಿದರೂ ಮುಗಿಸಲಾಗದ್ದನ್ನು ತಾವು ಐವತ್ತು ನಿಮಿಷದಲ್ಲಿ, ಅದೂ ಮೊಟ್ಟೆ ಮೆತ್ತಿದ ಬಾಣಲೆಯ ಪಕ್ಕದಲ್ಲೇ ಕೂರಿಸಿ ಮುಗಿಸಿದ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ. ಚರಂಡಿಯವರೊಂದಿಗೆ ತಮಗೆ ನೇರ ಸಂಪರ್ಕವಿರುವುದರಿಂದ, ಸದರಿ ವಾಸನೆಯನ್ನು ಅಲ್ಲಿಂದ ಮರಳಿ ತರಿಸಿ, ಅಂಜೂರವನ್ನೂ ಅಕ್ರೋಟನ್ನೂ ಬೇರೆಬೇರೆಯಾಗಿ ಸೋಸಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ನಿಜ ಹೇಳುವ ಧೈರ್ಯ ಸಾಲದೆ, ತಾವು ತೊಳೆದ ಲೋಟವನ್ನೇ ನಾನು ಒಯ್ದು ಮಾವನ ಕೈಗಿತ್ತೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿ, ಅಂಜೂರ, ಚರ್ಮ, ಅಕ್ರೋಟು, ಒದ್ದೆ ಎಲೆ ಎಂದು ಒಂದನ್ನೂ ಬಿಡದೆ ಒಪ್ಪಿಸಿದರು. ನನ್ನ ಅಂಗಡಿಗೆ ಬರುವ ಮುದುಕರು ಕಣ್ಣಿನ ಪರೀಕ್ಷೆಯ ಬೋರ್ಡಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಹೀಗೆಯೇ ಓದುತ್ತಾರೆ. ಅವರನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ತಲೆಯೆತ್ತದೆ, "ಲೋಟ ನಾನೇ ಹಾಕಿದ್ದು. ಅಪ್ಪಂಗೆ ವಾಸನೆ ಹೋಗಿ ಎರಡು ವರ್ಷ ಆಯ್ತು. ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ ಆದ್ರೂ ಪೇಪರ್ ಓದ್ತಾ ಕೂತಿದ್ರು. ತೊಳೆದ್ರೂ ಅದನ್ನೇ ಹೇಳ್ತಾರೆ, ತೊಳೀದಿದ್ರೂ ಅದನ್ನೇ ಹೇಳ್ತಾರೆ" ಎಂದಳು. ಅಂದರೆ ಎರಡು ವರ್ಷದಿಂದ ಮೂಗಿಲ್ಲದ ಗುರು ಪಾಠ ಹೇಳುತ್ತಿದ್ದರು, ಮೂಗಿದ್ದೂ ದಡ್ಡನಾದ ಶಿಷ್ಯ ತಲೆಯಾಡಿಸುತ್ತಿದ್ದ. ನಗು ಬರಬೇಕಿತ್ತು, ಅಳು ಬಂತು.

ಅವಳಿಗೆ ಬರೆಯಬೇಕಾದ್ದನ್ನು ತಮಗೇಕೆ ಬರೆದೆನೆಂದು ತಾವು ಕೇಳಬಹುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ತಮಗೂ ಗೊತ್ತಿರಬೇಕು. ಈ ಮನೆಯಲ್ಲಿ ಕೊತ್ತಿ ಇಲ್ಲ.

ತಮ್ಮ ಬಾಗಿಲನ್ನು ದಿನವೂ ಮೆತ್ತಗೆ ಮುಚ್ಚುವ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ಸಹಿ ಹಾಕುವಷ್ಟರಲ್ಲಿ ಮಾವನ ಫೋನು ಬಂತು. "ನಿಮ್ಮನೆ ಸೋಪಲ್ಲಿ ನಿಂಬೆ ಜಾಸ್ತಿ ಅಳಿಯಂದ್ರೇ, ಮೂಗೆಲ್ಲ ಉರೀತು. ನೀವು ಮುಖ ಸಣ್ಣದು ಮಾಡ್ಕೊಂಡು ನಿಂತಿದ್ರಲ್ಲ, ಅದಕ್ಕೇ ನೆನಪಿದ್ದದ್ದು ಹೇಳ್ಬಿಟ್ಟೆ" ಎಂದರು. ತಡವರಿಸುತ್ತ ಹಾಲಿನ ವಿಷಯ ಕೇಳಿದೆ. "ಒಲೆ ಮೇಲೆ ಇಟ್ಟೋಳು ಅವಳು, ನಾನ್ಯಾಕೆ ಏಳ್ಲಿ?" ಎಂದವರು, ಮೂಸಲು ಖಾಲಿ ಬಾಟಲಿಯಾದರೂ ಉಳಿದಿದೆಯೇ ಎಂದು ಮೆಲ್ಲಗೆ ಕೇಳಿದರು. ಬಾಟಲಿ ಈಗ ನನ್ನ ಕೋಟಿನೊಳಗಿದೆ, ನಾನು ಹೊರಟೆ. ಮನೆಯೊಡತಿ ವಿಚಾರಿಸಿದರೆ ತಾವು ಏನನ್ನೂ ನೋಡಿಲ್ಲ. ಊರಿನ ಲೋಟಗಳನ್ನೆಲ್ಲ ನುಂಗಿದ ಆ ಬಾಯನ್ನು ಇವತ್ತೊಂದು ದಿನ ಮುಚ್ಚಿಕೊಂಡಿರಿ.