ಸಾಹೇಬರು ಬರುತ್ತಾರೆಂದು ಗುಡಿಸಿಟ್ಟ ಹೋಟೆಲು

ಅಳತೆಯ ಟೇಪು ಹಿಡಿದು ರಸ್ತೆಯ ಪಕ್ಕ ನಿಂತವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. "ಯಾರದು? ಎಂತ ಅಳೀತಿದ್ದೀರಿ?" ಎಂದು ಕೇಳುತ್ತ ಅದೇ ಯಾರದೋ ಅಂಗಳದಿಂದ ಎದ್ದು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿತ್ತು. ರಸ್ತೆಗೆ ಮನೆ, ಅಂಗಡಿ, ಬೇಲಿ ಕಳೆದುಕೊಳ್ಳುವವರ ಪಟ್ಟಿ ಮಾಡಿ, ಅವರಿಗೆ ಪರಿಹಾರವೋ ಬದಲಿ ಜಾಗವೋ ಸಿಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಚೈನ್‌ಮನ್ ಇದ್ದ. ನನಗಿಂತ ಹಿರಿಯ, ಮಾತು ಕಡಿಮೆ. ನನ್ನದು ಉಡದ ಪಟ್ಟು ಎಂದು ಮನೆಯಲ್ಲಿ ಬೈಗುಳದ ಹಾಗೆ ಹೇಳುತ್ತಿದ್ದರು. ಆ ಹಟಕ್ಕೆ ತಕ್ಕ ಪರೀಕ್ಷೆ ಬಂದದ್ದು ಮೇಗುಂದದ ಕಡೆಯ ಒಂದು ತಿರುವಿನಲ್ಲಿ ಚಹಾದ ಹೋಟೆಲು ಇಟ್ಟುಕೊಂಡಿದ್ದ ಒಬ್ಬ ಅಕ್ಕನಿಂದ. ಅದಕ್ಕೆ ಮೊದಲು ಭಂಡಿಗಡಿಯ ಯಜಮಾನರ ವಿಷಯ ಹೇಳಿಬಿಡುತ್ತೇನೆ.

ಹದಿನೇಳನೇ ನಂಬರು

ರಸ್ತೆಗೆ ಹೋಗುವ ಗೋಡೆಗಳ ಮೇಲೆ ನಾವು ಹಳದಿ ಬಣ್ಣದಲ್ಲಿ ನಂಬರು ಬರೆಯುತ್ತಿದ್ದೆವು. ಭಂಡಿಗಡಿಯ ದೊಡ್ಡ ಮನೆಯೊಂದರ ಕಾಂಪೌಂಡಿಗೆ ಹದಿನೇಳು ಎಂದು ಬರೆದು ಮುಗಿಸುವಷ್ಟರಲ್ಲಿ ಯಜಮಾನರು ಶಾಲು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು.

"ನಮ್ಮ ಮನೆಗೆ ಹದಿನೇಳಾ? ಊರಲ್ಲಿ ಯಾವ ಕಾರ್ಯ ಆದ್ರೂ ಮೊದಲ ವೀಳ್ಯ ನಮ್ಮ ಮನೆಗೆ. ನಿಮ್ಗೆ ಯಾರೂ ಹೇಳ್ಲಿಲ್ವಾ?"

"ಇದು ವೀಳ್ಯ ಅಲ್ಲ ಯಜಮಾನ್ರೆ, ಕೊಪ್ಪದ ಕಡೆಯಿಂದ ಅಳ್ಕೊಂಡು ಬಂದಿದ್ದೀವಿ, ಸಾಲಿನಲ್ಲಿ ನಿಮ್ಮದು ಹದಿನೇಳು" ಎಂದೆ.

"ಹಂಗಾರೆ ಅದನ್ನ ಅಳಿಸಿ, ನಮ್ಮ ಮನೆಯಿಂದ ಶುರು ಮಾಡಿ ಕೊಪ್ಪಕ್ಕೆ ಹೋಗಿ. ರಸ್ತೆ ಎರಡೂ ಕಡೆಗೂ ಹೋಗ್ತದಲ್ಲ?"

ಅರ್ಧ ಗಂಟೆ ವಾದ ಮಾಡಿದೆ. ಅವರು ಜಗ್ಗಲಿಲ್ಲ. ಒಳಗಿನಿಂದ ಕಾಫಿ ಬಂತು. ಕಾಫಿ ಕುಡಿದು ಮತ್ತೆ ವಾದ ಮಾಡಿದೆವು. ಕೊನೆಗೆ ಬ್ರಷ್ಷು ತೊಳೆಯುತ್ತಿದ್ದ ಚೈನ್‌ಮನ್ ತಲೆ ಎತ್ತದೆ, "ಒಂದನೇ ನಂಬರಿನ ಗೋಡೆ ಮೊದಲು ಕೆಡವೋದು ಯಜಮಾನ್ರೆ" ಎಂದ.

ಯಜಮಾನರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಮತ್ತೆ ಶಾಲು ಸರಿಪಡಿಸಿಕೊಂಡರು.

"ಮರ್ಯಾದೆ ಅಂತ ಹಟ ಹಿಡಿಯೋದು ನಮ್ಮ ಮನೆತನಕ್ಕೆ ಒಳ್ಳೇದಲ್ಲ. ಹದಿನೇಳಕ್ಕಿಂತ ದೊಡ್ಡ ನಂಬರು ಯಾವ್ದಾದ್ರೂ ಇದ್ರೆ ಅದನ್ನೇ ಬರೀರಿ."

ಖಾಲಿ ಶೆಡ್ಡು

ಈಗ ಅಕ್ಕನ ವಿಷಯ. ತಗಡಿನ ಮಾಡು, ಮಣ್ಣಿನ ಗೋಡೆ, ಎರಡು ಬೆಂಚು. ಬೆಳಿಗ್ಗೆ ಕಡುಬು, ಚಟ್ನಿ; ದಿನವಿಡೀ ಚಹಾ. ಹದಿನೆಂಟು ವರ್ಷದಿಂದ ಅವರ ಜೀವನ ನಡೆಯುತ್ತಿದ್ದದ್ದು ಅದರಿಂದಲೇ. ಜಾಗ ಸರ್ಕಾರದ್ದು, ಅಕ್ಕನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಆದರೆ ನಮ್ಮ ನಿಯಮದಲ್ಲಿ ಒಂದು ಒಳ್ಳೆಯ ಮಾತಿತ್ತು. ಕಾಗದವಿಲ್ಲದಿದ್ದರೂ, ಸರ್ವೆಯ ದಿನ ಅಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ ಹೊಸ ಬಸ್‌ಸ್ಟಾಪಿನ ಪಕ್ಕ ಒಂದು ಮಳಿಗೆ ಸಿಗುತ್ತದೆ. ಆ ದಿನ ಪಟ್ಟಿಯಲ್ಲಿ ಸೇರದಿದ್ದರೆ ಏನೂ ಇಲ್ಲ, ಬುಲ್ಡೋಜರ್ ಮಾತ್ರ.

ಹಿಂದಿನ ದಿನ ನಾನೇ ಹೋಗಿ ಹೇಳಿದೆ: "ಅಕ್ಕಾ, ನಾಳೆ ಸರ್ವೆಯವರು ನಿಮ್ಮ ಹೋಟೆಲು ನೋಡ್ಲಿಕ್ಕೆ ಬರ್ತಾರೆ. ಚೆನ್ನಾಗಿ ತೋರ್ಸಿ."

ಈ ಕೊನೆಯ ಎರಡು ಪದಗಳನ್ನು ಆಡಿದ್ದಕ್ಕೆ ನಾನು ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಮರುದಿನ ನನ್ನನ್ನು ಕೆರೆಕಟ್ಟೆಗೆ ಕಳಿಸಿದರು, ಅಕ್ಕನ ಕಡೆಗೆ ಬೇರೊಬ್ಬ ಗುಮಾಸ್ತ ಹೋದ. ಸಂಜೆ ಅವನ ಪುಸ್ತಕ ತೆಗೆದು ನೋಡಿದರೆ ಹೀಗೆ ಬರೆದಿದ್ದ: "ಖಾಲಿ ಶೆಡ್ಡು. ವ್ಯಾಪಾರವಿಲ್ಲ. ಹೊಸದಾಗಿ ಸುಣ್ಣ ಬಳಿದಿದೆ."

ಬೆಳಗಾಗುತ್ತಲೇ ಓಡಿದೆ. ಅಕ್ಕ ಎಂದಿನಂತೆ ಕಡುಬು ಬೇಯಿಸುತ್ತಿದ್ದರು.

"ಹೆಂಗಿತ್ತು ಸಾರ್? ಬಂದೋರು ಖುಷಿಪಟ್ರಾ?"

"ಅಕ್ಕಾ, ನಿನ್ನೆ ಇಲ್ಲಿ ಒಲೆ, ಪಾತ್ರೆ, ಬೆಂಚು ಎಲ್ಲ ಎಲ್ಲಿ ಹೋಗಿತ್ತು?"

"ತಮ್ಮನ ಮನೆಗೆ ಸಾಗಿಸಿದ್ದೆ. ಆಫೀಸಿನೋರು ಬರೋವಾಗ ಮಸಿ ಪಾತ್ರೆ ತೋರ್ಸೋದಾ? ವ್ಯಾಪಾರ ನಿಲ್ಲಿಸಿ, ಸಗಣಿ ಸಾರ್ಸಿ, ಸುಣ್ಣ ಹೊಡ್ದು, ರಂಗೋಲಿ ಹಾಕಿದ್ದೆ. ನೆಂಟರು ಬಂದ್ರೂ ಅಷ್ಟು ಮಾಡೋದಿಲ್ಲ."

"ಮತ್ತೆ ನೀವೆಲ್ಲಿದ್ರಿ?"

"ದೊಡ್ಡೋರು ಬಂದಾಗ ಅಡ್ಡ ನಿಲ್ಬಾರ್ದು ಅಂತ ರಸ್ತೆ ಆಚೆ ಹಲಸಿನ ಮರದ ಕೆಳಗಿದ್ದೆ. ಅವ್ರು ಕೇಳಿದ್ರು, ಇಲ್ಲಿ ಯಾರಾದ್ರೂ ಇದ್ದಾರಾ ಅಂತ. ಯಾರೂ ಇಲ್ಲ ಸಾರ್, ನೀವು ಆರಾಮಾಗಿ ಒಳಗೆ ಹೋಗಿ ಅಂದೆ."

ಚೌಡಿಯ ಅರ್ಜಿ

ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಆ ಹೋಟೆಲನ್ನು ಪಟ್ಟಿಗೆ ಸೇರಿಸದೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಪುನರ್ವಸತಿಯ ಸಾಹೇಬರ ಕಚೇರಿಯ ಮೆಟ್ಟಿಲು ಆರು ಸಲ ಹತ್ತಿದೆ. ಸಾಹೇಬರು ಕೆಟ್ಟವರಲ್ಲ, ಆದರೆ ಪುಸ್ತಕದಲ್ಲಿ ಬರೆದದ್ದೇ ಅವರಿಗೆ ವೇದವಾಕ್ಯ. ಆರೂ ಸಲ ಒಂದೇ ಉತ್ತರ: "ಖಾಲಿ ಅಂತ ಬರೆದಾಗಿದೆಯಲ್ರೀ. ಸಾಕ್ಷಿ ಎಲ್ಲಿ?"

ಏಳನೇ ಸಲಕ್ಕೆ ನನ್ನ ಸಹಾಯಕ್ಕೆ ಬಂದವಳು ಚೌಡಿ. ಕೆರೆಕಟ್ಟೆಯ ಕಡೆ ರಸ್ತೆಯ ಅಂಚಿನಲ್ಲೇ ಒಂದು ಚೌಡಿಯ ಕಲ್ಲಿತ್ತು, ಊರು ಕಾಯುವ ದೇವತೆ. ಅದನ್ನು ಹತ್ತು ಮಾರು ಹಿಂದಕ್ಕೆ ಸರಿಸಬೇಕಿತ್ತು. ಸ್ಥಳಾಂತರವಾಗುವ ಪ್ರತಿಯೊಂದಕ್ಕೂ ಅರ್ಜಿ ತುಂಬಲೇಬೇಕು ಎಂದು ಸಾಹೇಬರು ಸ್ವತಃ ಜೀಪಿನಲ್ಲಿ ಬಂದರು. ಊರಿನ ಹಿರಿಯರು ಸುತ್ತ ಕೂತರು, ನಾನು ಅರ್ಜಿ ಹಿಡಿದೆ. ಹೆಸರು, ಚೌಡಮ್ಮ. ಉದ್ಯೋಗ? "ಊರು ಕಾಯೋದು" ಎಂದರು ಪೂಜೆ ಮಾಡುವ ಅಜ್ಜ. ಕುಟುಂಬದ ಸದಸ್ಯರು? "ನಾವೆಲ್ಲ" ಎಂದರು ಅಜ್ಜ. ಜಾಗದ ದಾಖಲೆ? ಇಲ್ಲ.

ಸಾಹೇಬರು ಅಭ್ಯಾಸಬಲದಿಂದ, "ಸರ್ವೆಯ ದಿನ ಇಲ್ಲೇ ವಾಸವಿದ್ದದ್ದಕ್ಕೆ ಸಾಕ್ಷಿ?" ಎಂದು ಕೇಳಿಬಿಟ್ಟರು.

ಅಜ್ಜ ಎಲೆಯಡಿಕೆ ಉಗಿದು ಬಂದು ಹೇಳಿದರು: "ಅವತ್ತು ನಿಮ್ಮ ಜೀಪು ಜಾರಿ ಆ ಹೊಂಡದ ಅಂಚಲ್ಲಿ ನಿಂತಿತಲ್ಲ ಸಾರ್. ಇವ್ಳು ಇಲ್ದಿದ್ರೆ ನಿಲ್ತಿತ್ತಾ?"

ಸಾಹೇಬರು ಹೊಂಡದ ಕಡೆ ಒಮ್ಮೆ ನೋಡಿದರು. ಪೆನ್ನು ತೆಗೆದು "ಸ್ಥಳೀಯರ ಹೇಳಿಕೆಯ ಮೇರೆಗೆ ವಾಸ ದೃಢಪಟ್ಟಿದೆ" ಎಂದು ಬರೆದು ಸಹಿ ಹಾಕಿದರು. ಜಾಗ ಬಿಡ್ತೀಯಾ ಎಂದು ಅಜ್ಜ ಚೌಡಿಯ ಹತ್ತಿರ ಪ್ರಸಾದ ಕೇಳಿದರು. ಹೂವು ಬಲಕ್ಕೆ ಬಿತ್ತು. ನಮ್ಮ ಇಡೀ ಪಟ್ಟಿಯಲ್ಲಿ ಒಂದೇ ಮಾತಿಗೆ ಜಾಗ ಬಿಡಲು ಒಪ್ಪಿದವಳು ಚೌಡಿ ಒಬ್ಬಳೇ.

ವಾಪಸು ಬರುವಾಗ ಜೀಪಿನಲ್ಲೇ ಸಾಹೇಬರನ್ನು ಹಿಡಿದುಕೊಂಡೆ. "ಸಾರ್, ಚೌಡಿಗೆ ಊರವರ ಮಾತು ಸಾಕಾಯ್ತು. ಮೇಗುಂದದ ಅಕ್ಕನಿಗೆ ಯಾಕೆ ಸಾಲದು?"

"ಚೌಡಿಗೆ ಸಿಟ್ಟು ಬಂದರೆ ಏನಾಗುತ್ತೆ ಗೊತ್ತಲ್ರೀ" ಎಂದರು ಸಾಹೇಬರು.

"ನೀವು ಅಕ್ಕನ ಸಿಟ್ಟು ನೋಡಿಲ್ಲ ಸಾರ್" ಎಂದೆ. ಬರುವ ಸೋಮವಾರ ಸ್ಥಳಕ್ಕೆ ಬಂದು ನೋಡಲು ಒಪ್ಪಿದರು.

ಡ್ರೈವರನ ಜಾಗ

ಭಾನುವಾರವೇ ಅಕ್ಕನಿಗೆ ಕಟ್ಟಪ್ಪಣೆ ಮಾಡಿದೆ. "ಏನನ್ನೂ ಮುಟ್ಟಬೇಡಿ. ಮಸಿ ಹಾಗೇ ಇರಲಿ. ಗುಡಿಸಿದ್ರೆ ನಾನು ನಿಮ್ಮ ಹೋಟೆಲಿಗೆ ಕಾಲಿಡೋದಿಲ್ಲ." ಅಕ್ಕ ಅಳುವ ಮುಖ ಮಾಡಿ ಒಪ್ಪಿದರು.

ಸೋಮವಾರ ಬೆಳಿಗ್ಗೆ ಹೋದರೆ ಒಲೆ ಉರಿಯುತ್ತಿದೆ, ಕಡುಬು ಬೇಯುತ್ತಿದೆ, ಮಸಿ ಇದೆ. ಗಿರಾಕಿ ಒಬ್ಬರೂ ಇಲ್ಲ! ನೋಡಿದರೆ, ದಿನಾ ಬರುವವರೆಲ್ಲ ರಸ್ತೆಯ ಆಚೆ ಹಲಸಿನ ಮರದ ಕೆಳಗೆ ಕೈಕಟ್ಟಿ ಸಾಲಾಗಿ ನಿಂತಿದ್ದಾರೆ.

"ಯಾಕ್ರೋ, ಒಳಗೆ ಬನ್ರೋ!" ಎಂದು ಕೂಗಿದೆ.

"ಬೇಡ ಮಾರಾಯ್ರೆ, ಸಾಹೇಬ್ರು ಬರೋ ಹೊತ್ತು. ಅವ್ರು ಆರಾಮಾಗಿ ಕೂತ್ಕಳ್ಲಿ" ಎಂದು ಅಲ್ಲಿಂದಲೇ ಉತ್ತರ ಬಂತು.

ಬೇಡಿಕೊಂಡೆ, ಬೈದೆ. ಒಬ್ಬನೂ ಅಲುಗಲಿಲ್ಲ. ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಖಾಲಿ ಬೆಂಚಿನ ನಡುವೆ ಕೂತು, ಆಚೆ ಈಚೆ ನೋಡಿ, "ಇಷ್ಟೇನಾ ವ್ಯಾಪಾರ?" ಎಂದು ಪೆನ್ನಿನ ಮುಚ್ಚಳ ತೆಗೆದರು. ಅಕ್ಕ ನನ್ನ ಮುಖ ನೋಡಿದರು.

ಆಗ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಕೊಪ್ಪದ ಕಡೆ ಹೋಗುವ ಬಸ್ಸು. ಅದರಲ್ಲಿದ್ದವರಿಗೆ ಸಾಹೇಬರ ಸುದ್ದಿಯೇ ಗೊತ್ತಿಲ್ಲ. ಬಸ್ಸು ನಿಂತದ್ದೇ ತಡ, ಅರ್ಧ ಬಸ್ಸು ಒಳಗೆ ನುಗ್ಗಿತು. "ಅಕ್ಕಾ, ನಾಲ್ಕು ಕಡುಬು!" "ಅಕ್ಕಾ, ನಂಗೆ ಸಕ್ಕರೆ ಬೇಡ!" ಕಂಡಕ್ಟರು ತಾನೇ ಒಳಗೆ ಹೋಗಿ ಚಟ್ನಿ ಬಡಿಸಿಕೊಂಡ. ಡ್ರೈವರು ಸೀದಾ ಬಂದು ಸಾಹೇಬರ ಮುಂದೆ ನಿಂತ.

"ಸ್ವಲ್ಪ ಏಳ್ತೀರಾ? ಅದು ನನ್ನ ಜಾಗ."

ಸಾಹೇಬರು ಕೆಂಪಗಾದರು. "ನಿಮ್ಮ ಜಾಗ ಅನ್ನಲಿಕ್ಕೆ ದಾಖಲೆ ಇದೆಯೇನ್ರೀ?"

"ಹನ್ನೆರಡು ವರ್ಷದಿಂದ ದಿನಾ ಅಲ್ಲೇ ಕೂರ್ತೀನಿ. ಬೆಂಚು ಎಲ್ಲಿ ತಗ್ಗಾಗಿದೆ ನೋಡಿ, ದಾಖಲೆ ಅದೇ."

ಸಾಹೇಬರು ಎದ್ದು ಬೆಂಚು ನೋಡಿದರು. ನಿಜವಾಗಿಯೂ ಅಲ್ಲಿ ತಗ್ಗಾಗಿತ್ತು. ಡ್ರೈವರು ಕೂತ, ಸರಿಯಾಗಿ ಹೊಂದಿಕೊಂಡ. ಸಾಹೇಬರು ನಿಂತುಕೊಂಡೇ ಪುಸ್ತಕದಲ್ಲಿ "ಖಾಲಿ ಶೆಡ್ಡು" ಎಂಬುದನ್ನು ಹೊಡೆದುಹಾಕಿ, "ಚಹಾದ ಹೋಟೆಲು, ವ್ಯಾಪಾರವಿದೆ" ಎಂದು ಬರೆದು ಸಹಿ ಮಾಡಿದರು. ಡ್ರೈವರು ಕಡುಬು ಮುರಿಯುತ್ತ ಇಣುಕಿ ನೋಡಿದ.

"ರಸ್ತೆ ಕೆಲಸಕ್ಕಾ ಸಾರ್ ಬರ್ಕೊಳ್ತಿರೋದು? ಹಂಗಾರೆ ನನ್ನ ಬೆಂಚಿಗೂ ಒಂದು ಅರ್ಜಿ ಕೊಡಿ."

ಪೊರಕೆ

ಮಳಿಗೆ ಸಿಕ್ಕಿತು. ಅಕ್ಕ ಹೊಸ ಬಸ್‌ಸ್ಟಾಪಿನ ಪಕ್ಕ ಒಲೆ ಹಚ್ಚಿದರು. ತಗ್ಗಾದ ಬೆಂಚೂ ಜೊತೆಗೆ ಬಂತು. ನಾನು ನೆಮ್ಮದಿಯಾಗಿ ನರಸಿಂಹರಾಜಪುರದ ಕಡೆಯ ಕೆಲಸ ಹಿಡಿದೆ.

ಆದರೆ ಕೊನೆಯ ನಿಯಮ ಒಂದಿತ್ತು. ಮೂರು ತಿಂಗಳಾದ ಮೇಲೆ ಸಾಹೇಬರು ಬಂದು, ಮಳಿಗೆ ಪಡೆದವರೇ ಅಲ್ಲಿ ವ್ಯಾಪಾರ ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಮುಚ್ಚಿದ್ದರೆ ಮಳಿಗೆ ವಾಪಸು. ಒಂದು ದಿನ ಬೆಳಿಗ್ಗೆ ಚೈನ್‌ಮನ್ ಮೊಬೈಲಿಗೆ ಫೋನು ಮಾಡಿದ. ಸಿಗ್ನಲ್ ಸಿಗಲೆಂದು ಗುಡ್ಡ ಹತ್ತಿದ್ದನಂತೆ, ಏದುಸಿರು ಬಿಡುತ್ತಿದ್ದ.

"ಇವತ್ತು ಸಾಹೇಬರು ಅಕ್ಕನ ಮಳಿಗೆ ನೋಡ್ಲಿಕ್ಕೆ ಹೊರಟಿದ್ದಾರೆ. ನಾನು ಅಕ್ಕನಿಗೂ ಹೇಳಿ ಬಂದೆ."

"ಅಕ್ಕನಿಗೆ ಹೇಳಿದ್ಯಾ? ಯಾಕೋ ಹೇಳ್ದೆ!" ಎಂದು ಕೂಗಿದವನೇ ಬೈಕು ಹತ್ತಿದೆ. ಅಷ್ಟು ಜೋರಾಗಿ ನಾನು ಆ ರಸ್ತೆಯಲ್ಲಿ ಮೊದಲೂ ಹೋಗಿಲ್ಲ, ಆಮೇಲೂ ಹೋಗಿಲ್ಲ.

ನಾನು ತಲುಪಿದಾಗ ಬೆಂಚು ಆಗಲೇ ಹೊರಗೆ ಬಂದಿತ್ತು. ಒಲೆಗೆ ನೀರು ಹಾಕಲು ಅಕ್ಕ ಚೊಂಬು ಎತ್ತಿದ್ದರು. ಇನ್ನೊಂದು ಕೈಯಲ್ಲಿ ಪೊರಕೆ. ಚೊಂಬು ಕಸಿದೆ, ಬೆಂಚು ಒಳಗೆಳೆದೆ, ಪೊರಕೆ ಕಿತ್ತುಕೊಂಡು ಬೆಂಚಿನ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟೆ.

"ಅಯ್ಯೋ, ಪೊರಕೆ ಮೇಲೆ ಕೂತ್ರಲ್ಲ ಮಾರಾಯ್ರೆ! ಲಕ್ಷ್ಮಿಗೆ ಸಿಟ್ಟು ಬರ್ತದೆ!"

"ಬರಲಿ ಅಕ್ಕಾ, ನಾಳೆ ಕಾಯಿ ಒಡೆದು ತಪ್ಪೊಪ್ಪಿಕೊಳ್ತೀನಿ. ನೀವು ಕಡುಬು ಬೇಯ್ಸಿ."

ಸಾಹೇಬರು ಬಂದರು. ನಾನು ಏಳಲಿಲ್ಲ. "ಏನ್ರೀ, ನಮಸ್ಕಾರಕ್ಕೂ ಏಳೋದಿಲ್ವಾ?" ಎಂದು ಕೇಳಿದರು. "ಸೊಂಟ ಹಿಡಿದಿದೆ ಸಾರ್" ಎಂದೆ. ಅವರು ಉರಿಯುವ ಒಲೆ ನೋಡಿದರು, ಮಸಿ ಪಾತ್ರೆ ನೋಡಿದರು, ಬಸ್ಸಿಗೆ ಕಾಯುತ್ತ ಕಡುಬು ತಿನ್ನುತ್ತಿದ್ದವರನ್ನು ನೋಡಿದರು. ಬೆಂಚಿನ ತಗ್ಗನ್ನು ಬಿಟ್ಟು ಹುಷಾರಾಗಿ ತುದಿಯಲ್ಲಿ ಕೂತು ಚಹಾ ಕುಡಿದರು. "ಮಳಿಗೆ ಖಾಯಂ" ಎಂದು ಬರೆದು ಸಹಿ ಹಾಕಿ ಹೊರಟರು. ಜೀಪು ಕಣ್ಮರೆಯಾಗುವವರೆಗೂ ನಾನು ಅಲುಗಲಿಲ್ಲ.

"ಮುಗೀತು ಅಕ್ಕಾ. ಇನ್ನು ಯಾರೂ ನೋಡ್ಲಿಕ್ಕೆ ಬರೋದಿಲ್ಲ. ಇದು ನಿಮ್ಮದೇ" ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಮುಂದೆ ಬಂದು ಕೈಚಾಚಿದರು.

"ಹಂಗಾರೆ ಈಗಾದ್ರೂ ಎದ್ದು ಆ ಪೊರಕೆ ಕೊಡಿ ಸಾರ್. ನಮ್ಮ ಹೊಸ ಮಳಿಗೆಗೆ ನೀವು ಬಂದಿದ್ದು ಇವತ್ತೇ ಮೊದಲು. ಗುಡಿಸೋದು ಬೇಡ್ವಾ?"